ಅವ್ವ ಹೇಳಿದ್ದ ಗಾಳಿಯ ಲೆಕ್ಕ

ಈಗಷ್ಟೇ ಗಲ್ಲಿಯಲ್ಲಿ ಸೈಲೆನ್ಸರ್ ಕಿತ್ತ ಬೈಕೊಂದು ಅಬ್ಬರಿಸಿಕೊಂಡು ಹೋಯಿತು. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ, ನಾಸಿಕ್ ಊರಿನ ನಮ್ಮ ಹಳೆಯ ಮನೆಯ ಅಂಗಳ ಕಣ್ಣೆದುರು ಬಂತು.

ಬೀದರಿನಿಂದ ಅಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದಿದ್ದ ಅಪ್ಪ ಯೂನಿಯನ್ ಮೆರವಣಿಗೆಯ ಮುಂದಾಳು. ಮೋಟಾರ್‌ಸೈಕಲ್ ಗುಡುಗಲೆಂದು ಏರ್ ಫಿಲ್ಟರ್ ಕಿತ್ತ, ಸೈಲೆನ್ಸರಿನ ಒಳಭಾಗ ತೆಗೆದ. ಇಂಜಿನ್ನಿಗೆ ಅಳತೆಯಲ್ಲಿ ಪೆಟ್ರೋಲ್ ಬಿಡುವ ಜೆಟ್ ಮಾತ್ರ ಹಳೆಯದೇ ಉಳಿಯಿತು.

ಸ್ಟೋವಿಗೆ ಪಂಪ್ ಹೊಡೆಯುತ್ತಿದ್ದ ಅವ್ವ ಕೇಳಿದಳು: "ಗಾಳಿ ಹೆಚ್ಚಿಗಿ ಬಿಟ್ರಿ, ಪೆಟ್ರೋಲ್ ಅಷ್ಟೇ ಅದ. ಇಂಜಿನ್ ಸುಡಂಗಿಲ್ಲೇನ್ರಿ?"

"ನೀ ರೊಟ್ಟಿ ಸುಡು. ಇಂಜಿನ್ ನಾ ನೋಡ್ತೀನಿ."

ಬೆಳಿಗ್ಗೆ ಸಮಾನತೆಯ ಘೋಷಣೆ ಕೂಗಿ ಬಂದ ಬಾಯಿಯೇ ಅದು! ಅಂಗಳದಲ್ಲಿ ಕೂತಿದ್ದ ಅವನ ಯೂನಿಯನ್ ಗೆಳೆಯರು ಗೊಳ್ಳೆಂದು ನಕ್ಕರು.

ಔರಂಗಾಬಾದಿನ ಆಸ್ಪತ್ರೆಯಲ್ಲಿ ಅವ್ವನ ತಾಯಿ ಸಾಯುವ ಹಾಗಿದ್ದಾಳೆಂದು ಸುದ್ದಿ ಬಂದಾಗ ಅದೇ ಗಾಡಿ ಹತ್ತಿದೆವು. ಅಪ್ಪ ಒಂದೇ ಸಮನೆ ಜೋರಾಗಿ ಓಡಿಸಿದ. ದಾರಿಯ ನಿಫಾಡ್ ಊರು ದಾಟಿದ ಮೇಲೆ, ದ್ರಾಕ್ಷಿ ತೋಟದ ಪಕ್ಕದಲ್ಲಿ, ಕಾದ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ನಿಂತೇ ಹೋಯಿತು. ಬಿಚ್ಚಿದ ಪ್ಲಗ್ ಸುಣ್ಣದಂತೆ ಬೆಳ್ಳಗಿತ್ತು; ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಇಂಜಿನ್ ಸುಟ್ಟ ಗುರುತು ಅದು. ಅವ್ವ ಅದನ್ನು ನೋಡಿದಳು, ರಸ್ತೆಗೆ ಹೋಗಿ ಲಾರಿಗೆ ಕೈ ಅಡ್ಡ ಹಿಡಿದಳು.

ಲಾರಿ ಹತ್ತಿ ನಾವು ಮುಟ್ಟುವಷ್ಟರಲ್ಲಿ ಅಜ್ಜಿಯನ್ನು ಮಣ್ಣು ಮಾಡಿ ಬಂದಿದ್ದರು.

ಆಮೇಲೆ ಅಪ್ಪ ಫಿಲ್ಟರ್ ಹಾಕಿಸಿದ, ಸೈಲೆನ್ಸರ್ ಹೊಸದು ತಂದ. ಅವ್ವ ಮತ್ತೆಂದೂ ಆ ಗಾಡಿ ಹತ್ತಲಿಲ್ಲ.

ಹೊರಗೆ ಅದೇ ಬೈಕು ತಿರುಗಿ ಬರುತ್ತಿದೆ. ನಾನು ಕಿಟಕಿ ಮುಚ್ಚಿದೆ; ಅಪ್ಪನ ಗಾಡಿಯ ಆ ಸದ್ದು ಮಾತ್ರ ನನ್ನೊಳಗೇ ಉಳಿಯಿತು.