ಚರಗದ ದಿನದ ಕಾಲುದಾರಿ

ನಮ್ಮೂರಿನಿಂದ ಬೈಲಹೊಂಗಲಕ್ಕೆ ಎರಡು ದಾರಿ. ಒಂದು ಡಾಂಬರು ರಸ್ತೆ. ಅದರ ಮೇಲೆ ನಾನು ಸರಕಾರಿ ಬಸ್ಸಿನ ಕಂಡಕ್ಟರನಾಗಿ ಅರ್ಧ ಆಯುಷ್ಯವನ್ನು ನಿಂತುಕೊಂಡೇ ಕಳೆದೆ. ಇನ್ನೊಂದು ಹೊಲಗಳ ಒಡ್ಡು ಹಿಡಿದು, ಹಳ್ಳ ದಾಟಿ, ಹಿತ್ತಿಲ ಕಡೆಯಿಂದ ಪೇಟೆಗೆ ಸೇರುವ ಎರಡು ಹರದಾರಿಯ ಕಾಲುದಾರಿ. ಅದು ನನ್ನ ಹೆಂಡತಿಯದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅದರ ಮೇಲೆ ನಡೆಯುವವರೇ ಇಲ್ಲವಾದರು. ಆಕೆ ಮಾತ್ರ ಬಿಡಲಿಲ್ಲ. "ಬಸ್ಸಿನ್ಯಾಗ ಕುಂತ್ರ ಬರೇ ಮಂದಿ ಬೆನ್ನ ಕಾಣತಾವು" ಅನ್ನುತ್ತಿದ್ದಳು. ಕಂಡಕ್ಟರನ ಹೆಂಡತಿ ಆಡುವ ಮಾತೇ ಇದು?

ಆಕೆ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಈಗ ಮನೆಯಲ್ಲಿ ನನಗೆ ಎದುರು ಮಾತಾಡುವವರು ಯಾರೂ ಇಲ್ಲ, ನಾನು ಹೇಳಿದ್ದೆಲ್ಲ ಸರಿ. ಇಷ್ಟು ಸರಿಯಾಗಿರುವುದು ಇಷ್ಟು ಬೇಸರದ್ದೆಂದು ಮೊದಲೇ ಗೊತ್ತಿದ್ದರೆ ಆಕೆಯೊಡನೆ ಇನ್ನೂ ನಾಲ್ಕು ಜಗಳ ಸೋಲುತ್ತಿದ್ದೆ. ಒಬ್ಬನಿಗೆ ಆಗುವಷ್ಟು ಅನ್ನ ಮಾಡುವುದು ಇನ್ನೂ ಕೈಗೆ ಹತ್ತಿಲ್ಲ. ಒಂದೋ ಉಳಿಯುತ್ತದೆ, ಇಲ್ಲವೇ ಸಾಲುವುದಿಲ್ಲ. ಸಂಜೆ ಟಿವಿ ಹಚ್ಚಿ ಅದರ ಜೊತೆ ವಾದ ಮಾಡುತ್ತೇನೆ. ಅದು ತನ್ನದೇ ಹೇಳುತ್ತ ಹೋಗುತ್ತದೆ.

ಎಳ್ಳಮಾವಾಸ್ಯೆ ನಮ್ಮ ಕಡೆ ಚರಗದ ಹಬ್ಬ. ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತು. ಭೂತಾಯಿ ಬಸುರಿಯೆಂದು ಆಕೆಗೆ ಬಯಕೆಯ ಊಟ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು ಪೂಜೆ ಮಾಡಿ, ತಂದ ಅಡಿಗೆಯಲ್ಲಿ ಎಲ್ಲದರದೂ ಒಂದೊಂದು ತುತ್ತು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವವನು ಮುಂದೆ ನಡೆಯುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವರು "ಚಲ್ಲಂಬ್ರಿಗೋ" ಎಂದು ಓಗೊಡುತ್ತಾರೆ. ಆ ಮಾತಿನ ಅರ್ಥವೇನೆಂದು ಕೇಳಿದರೆ ಹತ್ತು ಮಂದಿ ಹತ್ತು ಹೇಳುತ್ತಾರೆ. ಕೂಗುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಇದೆಲ್ಲ ಮುಗಿದ ಮೇಲೆ ಸುತ್ತ ಕೂತು ಊಟ.

ನಮಗೆ ಅಂಗೈಯಗಲ ಹೊಲವಿಲ್ಲ. ಅಪ್ಪ ಹಿಟ್ಟಿನ ಗಿರಣಿ ನಡೆಸಿದವರು, ನಾನು ಟಿಕೆಟ್ ಹರಿದವನು. ಹೆಂಡತಿ ಮಾತ್ರ ಸವದತ್ತಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ಚರಗವಿಲ್ಲದ ಎಳ್ಳಮಾವಾಸ್ಯೆ ಆಕೆಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದಳು. ಆ ದಿನ ಇಳಕಲ್ಲ ಸೀರೆಯುಟ್ಟು, ಬಳೆ ತರಬೇಕು, ದಾರ ತರಬೇಕು ಎಂದು ಏನೋ ನೆಪ ತೆಗೆದು ಪೇಟೆಗೆ ಕಾಲುದಾರಿ ಹಿಡಿಯುವಳು. ಪೇಟೆ ಮುಟ್ಟುವುದರೊಳಗೆ ಎರಡು ಮೂರು ಹೊಲದಲ್ಲಿ ಉಂಡಿರುತ್ತಿದ್ದಳು. "ಚರಗದ ದಿನ ಹಾದಿಗಿ ಬಿದ್ದಾಂವ ಉಪಾಸ ಇರಾಂಗಿಲ್ಲ, ಕರದ ಕರೀತಾರ" ಎನ್ನುವುದು ಆಕೆಯ ಸಿದ್ಧಾಂತ.

ನಾನು ನೌಕರಿಯಲ್ಲಿರುವವರೆಗೆ ಅಮಾವಾಸ್ಯೆಯೆಂದರೆ ಸವದತ್ತಿ ಗುಡ್ಡಕ್ಕೆ ಹೆಚ್ಚಿನ ಬಸ್ಸು, ನನಗೆ ರಜೆಯಿಲ್ಲ. ನಿವೃತ್ತನಾದ ಮೇಲೆ ಕೆಲವು ವರ್ಷ ಆಕೆಯೊಡನೆ ಹೋದೆ. ಒಡನೆ ಎಂದರೆ ನಾನು ಮುಂದೆ, ಆಕೆ ಬಹಳ ಹಿಂದೆ. ನಾನು ಬಿರುಸು ನಡೆಯುವವನು, ಆಕೆ ಸಿಕ್ಕವರೊಡನೆಲ್ಲ ನಿಲ್ಲುವವಳು. ಯಾವುದೋ ಹೊಲದಲ್ಲಿ ಯಾರೋ ಚರಗ ಚೆಲ್ಲುತ್ತ ಕೂಗಿದರೆ, ದಾರಿಯಲ್ಲಿ ಹೋಗುತ್ತಿದ್ದ ಈಕೆ ದನಿಯೆತ್ತಿ "ಚಲ್ಲಂಬ್ರಿಗೋ" ಎಂದು ಒದರುವಳು. "ಮಂದಿ ಹೊಲದಾಗಿನ ಚರಗಕ್ಕ ನೀ ಯಾಕ ಒದರ್ತಿ?" ಎಂದು ನಾನು ಗೊಣಗಿದರೆ, "ನಿಮಗ ಬರೇ ಸೀಟಿ ಊದೂದ ಗೊತ್ತು" ಅನ್ನುವಳು. ಸ್ವಲ್ಪ ಹೊತ್ತಿಗೆ ಯಾರೋ ಕರೆಯುತ್ತಿದ್ದರು. ನಾನು ಹೊರಳಿ ಬಂದು ಪಂಕ್ತಿಯಲ್ಲಿ ಕೂಡುತ್ತಿದ್ದೆ. ಕರೆದದ್ದು ಏಕೆಂದು ವಿಚಾರ ಮಾಡುವ ಗೊಡವೆಗೆ ಹೋಗಲಿಲ್ಲ. ಉಣ್ಣುವವನಿಗೆ ಅದೇಕೆ?

ಆಕೆ ಹೋದ ಮೇಲಿನ ಮೊದಲ ಎಳ್ಳಮಾವಾಸ್ಯೆಯನ್ನು ರಾಮದುರ್ಗದಲ್ಲಿ ಮಗಳ ಮನೆಯಲ್ಲಿ ಕಳೆದೆ. ಈ ಸಲವೂ ಮಗಳು ಹಿಂದಿನ ದಿನವೇ ಫೋನು ಮಾಡಿದಳು. "ಅಪ್ಪಾ, ಹಬ್ಬದ ದಿನ ಒಬ್ಬನ ಕುಂದ್ರಬ್ಯಾಡ, ಇಲ್ಲಿಗಿ ಬಾ."

"ನನಗ ಇಲ್ಲೇ ಊಟಕ್ಕ ಕರಿಯವರು ಅದಾರ" ಎಂದೆ.

"ಯಾರು?"

"ಭಾಳ ಮಂದಿ."

ಶುದ್ಧ ಸುಳ್ಳು. ಆದರೆ ಆಡುವಾಗ ಅದನ್ನು ನಾನೇ ನಂಬಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬೇಕಾಗಿದ್ದುದು ಹೋಳಿಗೆಯಲ್ಲ. ಯಾರಾದರೂ ಒಬ್ಬರು ಹೊಲದಿಂದ ಕೈಬೀಸಿ 'ಬರ್ರಿ' ಅನ್ನಬೇಕಾಗಿತ್ತು. ಎಷ್ಟೋ ದಿನದಿಂದ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಕೇಳಿ ಉಣ್ಣುವುದು ನಮ್ಮಲ್ಲಿ ಇಲ್ಲ, ಕರೆದರೆ ಮಾತ್ರ ಹೋಗಬೇಕು. ಅದಕ್ಕೇ ಬೆಳಿಗ್ಗೆ ಚಹಾದ ಹೊರತು ಏನೂ ತೆಗೆದುಕೊಳ್ಳದೆ, ಪೇಟೆಯಲ್ಲಿ ಚಸ್ಮಾ ರಿಪೇರಿ ಮಾಡಿಸಬೇಕೆಂದು ನನಗೆ ನಾನೇ ನೆಪ ಹೇಳಿಕೊಂಡು, ಒಗೆದ ಧೋತರವುಟ್ಟು ಹೊರಟೆ.

ಊರು ದಾಟಿದ ಮೊದಲ ಹೊಲದಲ್ಲೇ ಒಂದು ದೊಡ್ಡ ಮನೆತನದವರು ಚರಗ ಚೆಲ್ಲುತ್ತಿದ್ದರು. ನಾನು ಒಡ್ಡಿನ ಮೇಲೆ ಮರ್ಯಾದೆಯಿಂದ ಕೈಕಟ್ಟಿ ನಿಂತೆ. ಮುಂದಿನವನು ಕೂಗಿದ, ಹಿಂದಿನವರು ಓಗೊಟ್ಟರು, ಹುಡುಗಿಯರು ಮೊಬೈಲಿನಲ್ಲಿ ಚಿತ್ರ ತೆಗೆದರು. ಮುಗಿಯಿತು. ನನ್ನ ಕಡೆ ನೋಡಿದರು, ಒಬ್ಬಾತ ತಲೆಯಾಡಿಸಿದ, ಬೆನ್ನು ತಿರುಗಿಸಿ ಉಣ್ಣಲು ಕೂತರು. ನಾನು ಚಪ್ಪಲಿಯಲ್ಲಿ ಹರಳು ಸೇರಿದೆಯೆಂದು ಅದನ್ನು ತೆಗೆದು ಜಾಡಿಸಿದೆ. ಹರಳು ಇರಲಿಲ್ಲ. ಮತ್ತೆ ಹಾಕಿಕೊಂಡು ನಡೆದೆ.

ಮುಂದೆ ಕಪ್ಪು ಎರಿ ಮಣ್ಣಿನ ಹೊಲಗಳ ನಡುವೆ ಒಂದು ಟ್ರ್ಯಾಕ್ಟರು ಎದುರಾಯಿತು. ಚರಗ ಮುಗಿಸಿ ಉಳಿದ ಬುತ್ತಿಯೊಡನೆ ಊರಿಗೆ ಹೊರಟವರು. ಗಾಡಿ ನಿಲ್ಲಿಸಿ, "ಊಟ ಆತೇನ್ರಿ?" ಎಂದು ಕೇಳಿದರು.

"ಆತ್ರಿ" ಎಂದೆ.

ಹೊಟ್ಟೆಯಲ್ಲಿ ಬೆಂಕಿ, ಬಾಯಲ್ಲಿ ದೊಡ್ಡಸ್ತಿಕೆ. ಆಕೆಯಾಗಿದ್ದರೆ "ಎಲ್ಲೀದ ತಮ್ಮಾ, ನೀ ನೀಡಿದ್ರ ಆಕ್ಕೈತಿ" ಎಂದು ಅಲ್ಲೇ ಒಡ್ಡಿನ ಮೇಲೆ ಸೆರಗು ಹಾಸುತ್ತಿದ್ದಳು. ಟ್ರ್ಯಾಕ್ಟರು ಹೋದ ಮೇಲೂ ಎಣ್ಣೆಗಾಯಿಯ ವಾಸನೆ ಸ್ವಲ್ಪ ಹೊತ್ತು ದಾರಿಯಲ್ಲೇ ನಿಂತಿತ್ತು.

ಅಲ್ಲಿಂದಾಚೆ ಕಬ್ಬು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಕಬ್ಬಾಗಿವೆ. ಎರಡೂ ಕಡೆ ತಲೆಯ ಮೇಲೆ ಹೋದ ಕಬ್ಬಿನ ನಡುವೆ ಕಾಲುದಾರಿ ಒಂದು ಗೇಣಿನಷ್ಟು ಉಳಿದಿತ್ತು. ಗರಿ ಕೈಗೆ ತಾಗಿ ಗೀರುತ್ತಿತ್ತು. ಹಿಂದೆ ನೋಡಿದರೂ ಕಬ್ಬು, ಮುಂದೆ ನೋಡಿದರೂ ಕಬ್ಬು. ಈ ತಾಣಕ್ಕೆ ಬಂದಾಗಲೆಲ್ಲ ಆಕೆ ಹಿಂದಿನಿಂದ, "ಅದೀರೇನ್ರಿ?" ಎಂದು ಕೂಗುತ್ತಿದ್ದಳು. ನಾನು ಉತ್ತರ ಕೊಡದೆ ಕೆಮ್ಮುತ್ತಿದ್ದೆ, ಅಷ್ಟೇ ಸಾಕಾಗಿತ್ತು ಆಕೆಗೆ. ಆ ದಿನವೂ ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿದೆ. ಆಮೇಲೆ ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಕಬ್ಬಿನ ಮರೆಯಲ್ಲಿ ನಿಂತು ಅಳುವುದರಲ್ಲಿ ಒಂದು ಅನುಕೂಲವಿದೆ, ಯಾರೂ ನೋಡುವುದಿಲ್ಲ. ಯಾರೂ ನೋಡುವುದಿಲ್ಲ ಎನ್ನುವುದೇ ನನ್ನ ಅಳುವಿಗೂ ಕಾರಣವಾಗಿತ್ತು.

ಹಳ್ಳ ದಾಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಚರಗದ ಹೊತ್ತು ಮೀರಿತೆಂದು ಆಸೆ ಬಿಟ್ಟೆ. ಪೇಟೆಯ ಖಾನಾವಳಿ ತೆರೆದಿದ್ದರೆ ಎರಡು ರೊಟ್ಟಿ ತಿಂದು, ಬಸ್ಸು ಹಿಡಿದು ಮನೆಗೆ ಹೋಗಿ, ಮಗಳಿಗೆ ಇನ್ನೊಂದು ಸುಳ್ಳು ಹೇಳಬೇಕು. ಅದೂ ಈ ಸಲ ನಂಬಿಕೆಯಿಲ್ಲದೆ ಹೇಳಬೇಕು.

ದಿಬ್ಬ ಹತ್ತಿದರೆ ಅಲ್ಲೊಂದು ಜೋಳದ ಹೊಲ. ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವುಗಳ ಮುಂದೆ ಆರಿದ ಊದಿನಕಡ್ಡಿ. ಆ ಹೊಲದ ರೈತ, ನನಗಿಂತ ಸ್ವಲ್ಪ ಚಿಕ್ಕವನು, ಒಬ್ಬನೇ ಇದ್ದ. ಆತನ ಗುರುತು ನನಗಿತ್ತು. ಪೇಟೆಯ ಅಂಚಿನಲ್ಲಿ ಮನೆ. ಆಕೆಯೊಡನೆ ಬಂದಾಗ ಈ ಬನ್ನಿಗಿಡದ ಕೆಳಗೆ ಉಂಡದ್ದುಂಟು. ಆತ ನನ್ನನ್ನು ನೋಡಲಿಲ್ಲ. ಆಗತಾನೆ ಎದ್ದು, ಒಂದು ಕೈಯಲ್ಲಿ ಚರಗದ ಬುಟ್ಟಿ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಜೋಳದೊಳಗೆ ಇಳಿದ. ಚೆಲ್ಲಬೇಕೆಂದರೆ ತಂಬಿಗೆ ಕೆಳಗಿಡಬೇಕು, ನೀರು ಹಾಕಬೇಕೆಂದರೆ ಬುಟ್ಟಿ ಕೆಳಗಿಡಬೇಕು.

"ಹುಲ್ಲುಲ್ಲಿಗೋ" ಎಂದ. ದನಿ ಏಳಲಿಲ್ಲ. ಹಿಂದೆ ಓಗೊಡುವವರು ಯಾರೂ ಇರಲಿಲ್ಲವಾದ್ದರಿಂದ ತಂಬಿಗೆಯೆತ್ತಿ ತಾನೇ ನೀರು ಚಿಮುಕಿಸಿದ. ಇನ್ನೊಂದು ತುತ್ತು ಚೆಲ್ಲಿ ಮತ್ತೆ ಕೂಗಿದ. ಆ ಕೂಗು ಹೊಲದ ಆಚೆ ದಂಡೆಗೆ ಹೋಗಿ ಸುಮ್ಮನಾಯಿತು. ಕಬ್ಬಿನೊಳಗೆ ನಾನು ಕೆಮ್ಮಿದ್ದೂ ಹೀಗೆಯೇ ಸುಮ್ಮನಾಗಿತ್ತು. ಆತ ಮೂರನೆಯ ಸಲ ಕೂಗಿದಾಗ ನನ್ನಿಂದ ತಡೆಯಲಾಗಲಿಲ್ಲ.

"ಚಲ್ಲಂಬ್ರಿಗೋ!"

ಬಸ್ಸಿನಲ್ಲಿ ಊರಿನ ಹೆಸರು ಕೂಗಿ ಕೂಗಿ ಒರಟಾದ ದನಿ. ಹಕ್ಕಿಗಳು ಹಾರಿದವು. ಆತ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಮೋರೆಯೆಲ್ಲ ನಗೆಯಾಯಿತು. "ಬರ್ರಿ ಬರ್ರಿ, ಕಂಡಕ್ಟರ ಸಾಹೇಬ್ರ!" ಎಂದು ಕರೆದವನೇ ಕುತ್ತಿಗೆ ಉದ್ದಮಾಡಿ ನನ್ನ ಹಿಂದಿನ ದಾರಿಯನ್ನು ನೋಡತೊಡಗಿದ. "ಅಕ್ಕಾರು ಹಿಂದ ಬರಾಕತ್ತಾರೇನ್ರಿ?"

ನಾನೂ ಹೊರಳಿ ನೋಡಿದೆ. ಏಕೆ ನೋಡಿದೆನೋ ಗೊತ್ತಿಲ್ಲ. ದಾರಿ ಖಾಲಿಯಿತ್ತು.

"ಮನ್ಯಾಕಿ ಮಗಳ ಬಾಣಂತನಕ್ಕ ಕಿತ್ತೂರಿಗಿ ಹೋಗ್ಯಾಳ್ರಿ" ಎಂದು ಆತ ಹೇಳುತ್ತಿದ್ದ. "ಹಿಂದ ನೀರ ಹಾಕವರಿಲ್ಲ, ಓ ಅನ್ನವರಿಲ್ಲ. ಅಕ್ಕಾರು ವರ್ಷಾ ಇದ ಹಾದೀಲೆ ಬರ್ತಾರಲ್ಲ, ಹ್ವಾದ ವರ್ಷ ಅಷ್ಟ ಬರಲಿಲ್ಲ, ಈ ಸಲ ಬಂದ ಬರ್ತಾರಂತ ಇಷ್ಟೊತ್ತನಾ ಕಾದೆ. ಹೊತ್ತ ಮೀರ್ತು ಅಂತ ಈಗ ಎದ್ದೆ ನೋಡ್ರಿ."

"ಆಕಿ ಇಲ್ಲಪಾ" ಎಂದೆ. "ತೀರಿಕೊಂಡ್ಲು. ಎರಡ ವರ್ಷ ಆಗಾಕ ಬಂತು."

ಆತ ಬುಟ್ಟಿ ಹಿಡಿದುಕೊಂಡೇ ನಿಂತ. ಗಾಳಿಗೆ ಜೋಳದ ಗರಿ ಸದ್ದು ಮಾಡುತ್ತಿತ್ತು. ಆಮೇಲೆ ತಂಬಿಗೆಯನ್ನು ನನ್ನ ಕಡೆ ಚಾಚಿದ. "ಹಂಗಾರ ನೀರ ನೀವ ಹಾಕ್ರಿ" ಎಂದ.

ನಾನು ಚಪ್ಪಲಿ ಬಿಟ್ಟು ಹೊಲಕ್ಕಿಳಿದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರ ಹಿಂದೆ, ಅವರ ಹೆಜ್ಜೆ ನೋಡಿಕೊಂಡು ನಡೆದೆ. ಆತ ಕೂಗಿದ, ನಾನು ಓಗೊಟ್ಟೆ. ಒಂದೆರಡು ಕಡೆ ನಾನು ಓಗೊಡುವುದು ತಡವಾಯಿತು. ಆಗ ಆತ ಮುಂದೆ ಹೋಗದೆ, ಹೊರಳಿಯೂ ನೋಡದೆ ನಿಂತು ಕಾದ. ನಾನು ಅಂದ ಮೇಲೆಯೇ ಮುಂದಿನ ತುತ್ತು ಚೆಲ್ಲಿದ. ಹೊಲ ಒಂದು ಸುತ್ತು ಮುಗಿಯಿತು.

ಉಣ್ಣುವಾಗ ಸಜ್ಜೆರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕುತ್ತ ಆತ ಹಳೆಯ ಲೆಕ್ಕ ತೆಗೆದ. "ಈ ದಿಬ್ಬದ ಆಚಿ ರಸ್ತ್ಯಾಗ ಒಮ್ಮೆ ಬಸ್ಸಿನಿಂದ ಇಳಸ್ರಿ ಅಂದ್ರ, ಸ್ಟಾಪ್ ಇಲ್ಲ ಅಂತ ಪ್ಯಾಟಿತನಾ ಒಯ್ದಿದ್ರಿ ನನ್ನ. ಇವತ್ತ ನೋಡ್ರಿ, ನಿಮ್ಮನ್ನ ಸ್ಟಾಪ್ ಇಲ್ಲದಲ್ಲೇ ಇಳಸೇನಿ." ಇಬ್ಬರೂ ನಕ್ಕೆವು. ಬಹಳ ದಿನದ ಮೇಲೆ ನನ್ನ ನಗೆ ನನಗೇ ಕೇಳಿಸಿತು.

ಬೆಳಿಗ್ಗೆಯಿಂದ ಯಾರೂ ಕರೆಯಲಿಲ್ಲವೆಂದು ನಾನು ದೂರಿಕೊಂಡೆ. ಆತ ಆಶ್ಚರ್ಯದಿಂದ ನೋಡಿದ. "ಸುಮ್ಮನ ಹೋಗವರನ್ನ ಹೆಂಗ ತಡವೂದ್ರಿ? ಅವರಿಗಿ ಏನ ಅವಸರ ಇರತೈತೋ ಏನೋ. ಓ ಅಂದವರನ್ನ ಮಾತ್ರ ಉಣಸದ ಕಳಸಬಾರ್ದು. ಅಕ್ಕಾರು ಹೇಳಲಿಲ್ಲೇನ್ರಿ ನಿಮಗ?"

ಹೇಳಿದ್ದಳು. ವರ್ಷ ವರ್ಷ, ಎರಡು ಹರದಾರಿಯುದ್ದಕ್ಕೂ, ನನ್ನ ಬೆನ್ನ ಹಿಂದಿನಿಂದ ದನಿಯೆತ್ತಿ ಹೇಳಿದ್ದಳು.

ಪೇಟೆಯ ಅಂಚು ಮುಟ್ಟುವಾಗ ಮಗಳ ಫೋನು ಬಂತು. "ಊಟ ಆತೇನಪಾ? ಯಾರರೆ ಕರದ್ರೇನು?"

"ಕರದ್ರು. ಹೊಟ್ಟಿತುಂಬ ಉಂಡೆ."

"ಯಾರವರು?"

"ನಿಮ್ಮವ್ವನ ಪರಿಚಯದವರು" ಎಂದೆ.