ಸೀರೆ ಮಡಚುವ ಕೈ

ನನ್ನ ಕೈಗಳು ನನ್ನ ಮಾತು ಕೇಳುವುದಿಲ್ಲ. ಇದು ನನಗೆ ಗೊತ್ತಾದದ್ದು ಇತ್ತೀಚೆಗೆ, ಗೋಕಾಕದಲ್ಲಿ ನಡೆದ ಅಭಿನಯ ಶಿಬಿರದಲ್ಲಿ. ಅಲ್ಲಿಯವರೆಗೆ ಅವು ಬಹಳ ಸಭ್ಯ ಕೈಗಳು ಎಂದೇ ನಂಬಿದ್ದೆ. ಅದೇ ಊರಿನ ಬಜಾರದಲ್ಲಿ ನಮ್ಮದೊಂದು ಸೀರೆ ಅಂಗಡಿ. ಅಪ್ಪನ ಕಾಲದಿಂದಲೂ ಗಾದಿಯ ಮೇಲೆ ಕೂತು ಸೀರೆ ಬಿಡಿಸಿ ತೋರಿಸುವುದು, ಮತ್ತೆ ಮಡಚಿ ಇಡುವುದು, ಇದೇ ನಮ್ಮ ಕಸುಬು. ಇಳಕಲ್ಲ ಸೀರೆಯ ಸೆರಗನ್ನು ಮಣಿಕಟ್ಟಿನ ಒಂದೇ ತಿರುವಿಗೆ ಗಿರಾಕಿಯ ಮೊಣಕಾಲಿನವರೆಗೆ ಹರಿಯಬಿಡುವವನು ಈ ಬಜಾರದಲ್ಲಿ ನಾನೊಬ್ಬನೇ ಎಂದು ಒಳಗೊಳಗೇ ಬೀಗುತ್ತಿದ್ದೆ.

ಶಿಬಿರಕ್ಕೆ ಸೇರಲು ಕಾರಣವೂ ಈ ಬೀಗುವಿಕೆಯೇ. ದಿನವಿಡೀ "ಈ ಬಣ್ಣ ನಿಮಗಂತನ ಹುಟ್ಟೇತ್ರಿ" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುವವನಿಗೆ ರಂಗದ ಮೇಲೆ ನಾಲ್ಕು ಮಾತಾಡುವುದು ಯಾವ ಮಹಾ ಕೆಲಸ ಅಂದುಕೊಂಡೆ. ಹೆಂಡತಿ ಮಾತ್ರ, "ಮನ್ಯಾಗ ಮಾಡೂ ನಾಟಕ ಸಾಲವಲ್ದೇನು?" ಎಂದು ಚಹಾದ ಕಪ್ಪನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಹೊಸಬರಿಗೂ ವೃತ್ತಿ ಕಲಾವಿದರಿಗೂ ಕೂಡಿಯೇ ಮಾಡಿದ ಶಿಬಿರ ಅದು. ಈ ಕಡೆ ಕಾಲೇಜಿನ ಹುಡುಗ ಹುಡುಗಿಯರು, ಹಿಡಕಲ್ ಡ್ಯಾಮಿನ ಕಚೇರಿಯಲ್ಲಿ ನೌಕರಿ ಮಾಡುವ ಒಬ್ಬರು, ನಾನು. ಆ ಕಡೆ ನಾಟಕ ಕಂಪನಿಗಳ ನಟ ನಟಿಯರು. ಒಂದು ಊರಿನ ಕ್ಯಾಂಪ್ ಮುಗಿದು ಇನ್ನೊಂದು ಶುರುವಾಗುವವರೆಗೆ ಬಿಡುವು ಸಿಕ್ಕವರು. ಮೊದಲ ದಿನ ಜಮಖಾನೆಯ ಎರಡು ಬದಿಗೆ ಕೂತು, ಬೀಗರ ಹಾಗೆ ಒಬ್ಬರನ್ನೊಬ್ಬರು ಅಳೆದೆವು. ಕಲಿಸುವವರು ಹುಕ್ಕೇರಿಯ ಕಡೆಯ ತರುಣ, ನಾಟಕ ಶಾಲೆಯಲ್ಲಿ ಓದಿ ಬಂದವರು. ವಯಸ್ಸಿನಲ್ಲಿ ನನ್ನ ಮಗನಂತಿದ್ದರೂ ನಾವೆಲ್ಲ ಸರ್ ಎಂದೇ ಕರೆದೆವು. ಅವರ ಮೊದಲ ಮಾತೇ "ಯಾರೂ ನಟನೆ ಮಾಡಬ್ಯಾಡ್ರಿ". ಕಂಪನಿಯವರು ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಮಾಡಿದ್ದಾದರೂ ಏನು ಎಂಬ ಚಿಂತೆ ಪಾಪ ಅವರಿಗೆ.

ಸರ್ ಅವರಿಗೆ ಕಂಪನಿಯವರ ಜೊತೆ ಒಂದು ತಕರಾರು, ನನ್ನ ಜೊತೆ ಇನ್ನೊಂದು. ಕಂಪನಿಯವರು ಪ್ರೇಮದ ಮಾತನ್ನೂ ಪ್ರೇಕ್ಷಕರ ಕಡೆ ತಿರುಗಿಯೇ ಆಡುತ್ತಾರೆ. ಪ್ರಿಯತಮೆ ಬಾಜೂಕೆ ಸುಮ್ಮನೆ ನಿಂತಿರುತ್ತಾಳೆ. "ಎದುರಿನವರ ಮುಖ ನೋಡ್ರಿ, ಅವರಿಗೇ ಮಾತಾಡ್ರಿ" ಎಂದು ಅವರಿಗೆ ಹೇಳಿ ಹೇಳಿ ಸಾಕಾಯಿತು. ನನ್ನ ಜೊತೆಗಿನ ತಕರಾರು ಕೈಯದು. ಸಿಟ್ಟಿನ ಮಾತಿರಲಿ, ದುಃಖದ ಮಾತಿರಲಿ, ನಾನು ಬಾಯಿ ತೆರೆದೊಡನೆ ಎರಡೂ ಕೈ ಮೇಲೆದ್ದು ಇಲ್ಲದ ಸೀರೆಯೊಂದನ್ನು ಬಿಡಿಸತೊಡಗುತ್ತಿದ್ದವು. ಮಾತು ಮುಗಿದಾಗ ಅಷ್ಟೇ ಅಚ್ಚುಕಟ್ಟಾಗಿ ಅದನ್ನು ಮಡಚುತ್ತಿದ್ದವು. ಹಸ್ತಮುದ್ರೆಗಳಿಗೆ ನಮ್ಮ ಹಿರಿಯರು ಶಾಸ್ತ್ರವನ್ನೇ ಬರೆದಿಟ್ಟಿದ್ದಾರಂತೆ. ಹೂವಿಗೊಂದು, ಹಕ್ಕಿಗೊಂದು, ಹಾವಿಗೊಂದು ಮುದ್ರೆ. ಸೀರೆ ವ್ಯಾಪಾರಿಗೊಂದು ಮುದ್ರೆ ಯಾಕೆ ಇಟ್ಟಿಲ್ಲವೋ ಕಾಣೆ. ಇಟ್ಟಿದ್ದರೆ ನನ್ನದು ಶಾಸ್ತ್ರೀಯ ಅಭಿನಯ ಅನ್ನಿಸಿಕೊಳ್ಳುತ್ತಿತ್ತು. ಸರ್ ಕೊನೆಗೆ, "ಸಾವಕಾರ್ರ, ನೀವು ಕೈ ಹಿಂದಕ್ಕ ಕಟ್ಟಿಕೊಂಡ ನಿಂದರ್ರಿ" ಎಂದು ಅಪ್ಪಣೆ ಕೊಟ್ಟರು.

ಅಭ್ಯಾಸಕ್ಕೆ ನನಗೆ ಜೋಡಿಯಾದವರು ಹಸೀನಾಬಾಯಿ. ಹುಕ್ಕೇರಿಯವರು, ಹುಡುಗಿಯಾಗಿದ್ದಾಗಲೇ ಕಂಪನಿ ಸೇರಿದವರು. ಅವರು ಅತ್ತರೆ ಮುಂದಿನ ಸಾಲು ಅಳುತ್ತಿತ್ತು, ಹಾಡಿದರೆ ಒನ್ಸ್ ಮೋರ್ ಎಂಬ ಕೂಗು ಬೀಳುತ್ತಿತ್ತು. ವರ್ಷಗಳಿಂದ ನಮ್ಮ ಅಂಗಡಿಯ ಗಿರಾಕಿಯೂ ಹೌದು. ಒಂದು ದಿನ ಸರ್ ನಮ್ಮನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿದರು. ನಾನು ಒಂದು ತಾಳ ತಟ್ಟಬೇಕು, ಅವರು ಅದನ್ನೇ ತಟ್ಟಬೇಕು. ನಾನು ತಟ್ಟಿದೆ. ಹಿಂದಿನಿಂದ ಉತ್ತರವೇ ಇಲ್ಲ. ತುಸು ಹೊತ್ತಿಗೆ ಅವರು ತಟ್ಟಿದ್ದು ಬೇರೆಯೇ ತಾಳ.

ಚಹಾದ ಹೊತ್ತಿಗೆ ಅವರೇ ನನ್ನನ್ನು ಬಾಜೂಕೆ ಕರೆದರು.

"ಸಾವಕಾರ್ರ, ನಿಮಗೊಬ್ಬರಿಗೆ ಹೇಳ್ತೀನಿ. ನನಗ ಕಿವಿ ಕೇಳವಲ್ದು. ಗೋಕಾಕ ಫಾಲ್ಸಿನ ಮುಂದ ನಿಂತಂಗ ಒಂದ ಸವನ ಸಪ್ಪಳ. ಎದುರಿದ್ದವರ ತುಟಿ ನೋಡಿ ತಿಳ್ಕೋತೀನಿ."

"ಮತ್ತ ನಮ್ಮ ಅಂಗಡ್ಯಾಗ ಚಲೋ ವ್ಯಾಪಾರ ಮಾಡ್ತೀರಲ್ರಿ ಬಾಯಾರ?"

"ಅಲ್ಲಿ ನೀವು ಬಾಯಾಗ ಎಲಿ ಅಡಕಿ ಇಟಗೊಂಡ ಮಾತಾಡ್ತೀರಿ, ನಿಮ್ಮ ತುಟಿ ತಿಳಿಯೂದಿಲ್ಲ. ಕೈ ನೋಡ್ತೀನಿ. ಸೀರಿ ಬಿಡಿಸಿದ್ರ ಮಾತು ನಡದೈತಿ, ಮಡಚಿದ್ರ ಮುಗೀತು. ಆಮ್ಯಾಲ ನಾ ಬಾಯಿ ತೆಗೀತೀನಿ."

ಅವರ ಕಷ್ಟ ನನಗೆ ಪೂರಾ ತಿಳಿದದ್ದು ಆಮೇಲೆ. ಕಂಪನಿಯಲ್ಲಿ ದಿನಕ್ಕೊಂದು ನಾಟಕವಾದ್ದರಿಂದ ಯಾರೂ ಮಾತುಗಳನ್ನು ಬಾಯಿಪಾಠ ಮಾಡುವುದಿಲ್ಲ. ಪರದೆಯ ಮರೆಯಲ್ಲಿ ಪ್ರಾಂಪ್ಟರ್ ಕೂತು ಮಾತು ಎತ್ತಿಕೊಡುತ್ತಾನೆ, ನಟರು ಅದನ್ನು ಹಿಡಿದು ಆಡುತ್ತಾರೆ. ಅವನ ದನಿ ಕೇಳದಂತಾದಾಗ ಹಸೀನಾಬಾಯಿ ಅವನ ಬಾಯಿ ನೋಡಲಿಕ್ಕೆ ಪದೇ ಪದೇ ಆ ಕಡೆ ತಿರುಗತೊಡಗಿದ್ದರು. ಮಗ ಸತ್ತ ದುಃಖದ ನಡುವೆ ತಾಯಿ ಮೂಲೆಗೆ ಇಣುಕಿದರೆ ಜನ ನಗದೆ ಏನು ಮಾಡುತ್ತಾರೆ? ಮಾಲಕರು ಕಾರಣ ತಿಳಿಯದೆ, "ಮುಂದಿನ ಕ್ಯಾಂಪಿನ್ಯಾಗೂ ಹಿಂಗ ಆದ್ರ ನೀವು ಮನ್ಯಾಗ ಇರೂದ ಚಲೋ" ಎಂದುಬಿಟ್ಟಿದ್ದರು. ಮನೆಯಲ್ಲಿರುವುದು ಹೇಗೆ ಎಂಬುದನ್ನೇ ಕಲಿಯದ ಹೆಂಗಸು ಅವರು. ಪ್ರಾಂಪ್ಟರ್ ಇಲ್ಲದೆ ನಿಲ್ಲುವುದನ್ನು ಕಲಿಯಲೆಂದೇ ಶಿಬಿರಕ್ಕೆ ಬಂದಿದ್ದರು.

ಅವರು ಕಲಿತ ರೀತಿ ನೋಡಿ ನನಗೆ ನನ್ನ ಹವ್ಯಾಸದ ಬಗ್ಗೆ ನಾಚಿಕೆಯಾಯಿತು. ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದರು. ಎದುರಿನವರ ಮುಖ ನೋಡಿರಿ ಎಂಬ ಪಾಠಕ್ಕೆ ಉಳಿದ ಕಂಪನಿಯವರು ಗೊಣಗಿದರೆ ಇವರಿಗೆ ಅದೇ ವರವಾಯಿತು. ನನ್ನ ತುಟಿ ನಿಂತೊಡನೆ ಇವರ ಮಾತು. ಅವರಿಗಾಗಿ ನಾನು ಎಲೆ ಅಡಿಕೆ ಬಿಟ್ಟು ಅಭ್ಯಾಸಕ್ಕೆ ಹೋಗುತ್ತಿದ್ದೆ. ಹೆಂಡತಿಗೆ ಇದು ಶಿಬಿರದ ದೊಡ್ಡ ಲಾಭವಾಗಿ ಕಂಡಿತು.

ಕೊನೆಯ ದಿನದ ಪ್ರದರ್ಶನಕ್ಕೆ ನಮ್ಮದೊಂದು ಸಣ್ಣ ದೃಶ್ಯ. ಬಹುಕಾಲ ಮಾತು ಬಿಟ್ಟಿದ್ದ ಅಣ್ಣನ ಬಾಗಿಲಿಗೆ ತಂಗಿ ತನ್ನ ಮಗಳ ಮದುವೆಗೆ ಕರೆಯಲು ಬರುತ್ತಾಳೆ. ಅಣ್ಣನಾದ ನಾನು ಹೆಗಲಿಗೊಂದು ಶಲ್ಯ ಹಾಕಿ, ಕೈ ಹಿಂದೆ ಕಟ್ಟಿಕೊಂಡು ಕಲ್ಲಿನಂತೆ ನಿಲ್ಲಬೇಕು. ಮುಂದಿನ ಸಾಲಿನಲ್ಲಿ ಹಸೀನಾಬಾಯಿಯ ಮಾಲಕರು ಬಂದು ಕೂತಿದ್ದರು.

ನಮಗ್ಯಾರಿಗೂ ಹೊಳೆಯದೇ ಇದ್ದದ್ದು ಒಂದೇ. ಅಭ್ಯಾಸದಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. "ಅಣ್ಣಾ, ಬಾಗಿಲಾ ತೆರದೀಯಲ್ಲ, ನನಗ ಇಷ್ಟ ಸಾಕು" ಎಂದು ಅವರು ಅಂದದ್ದೇ ತಡ, ಸಭಾಂಗಣವೆಲ್ಲ ಚಪ್ಪಾಳೆ. ಅವರಿಗೆ ಅದು ಕಿವಿಯೊಳಗಿನ ಸಪ್ಪಳದಲ್ಲಿ ಕೂಡಿಹೋಯಿತು. ಚಪ್ಪಾಳೆಯ ನಡುವೆಯೇ ಮುಂದಿನ ಮಾತು ಶುರು ಮಾಡಿದರು. "ಕೇಳವಲ್ದ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಮಾಲಕರು ಕಾಲ ಮೇಲೆ ಕಾಲು ಹಾಕಿ ಕೂತವರು ಕಾಲು ಇಳಿಸಿದರು.

ಎರಡನೆಯ ಸಲ ಚಪ್ಪಾಳೆ ಬಿದ್ದಾಗ ನನ್ನ ಕೈಗಳು ನನ್ನನ್ನು ಕೇಳದೆ ಬೆನ್ನ ಹಿಂದಿನಿಂದ ಹೊರಗೆ ಬಂದವು. ಚಪ್ಪಾಳೆ ಇರುವಷ್ಟು ಹೊತ್ತು ಹೆಗಲ ಶಲ್ಯವನ್ನು ಮೆಲ್ಲಗೆ ಬಿಡಿಸಿದವು. ಅದು ನಿಂತಾಗ ನಾಲ್ಕು ಮಡಿಕೆ ಮಾಡಿ ತೋಳ ಮೇಲೆ ಹಾಕಿಕೊಂಡವು. ಹಸೀನಾಬಾಯಿ ಅದನ್ನೇ ನೋಡುತ್ತ ತಡೆದು ನಿಂತಿದ್ದರು. ಶಲ್ಯ ತೋಳಿಗೆ ಬಿದ್ದ ಮೇಲೆ ಬಾಯಿ ತೆರೆದರು. ಆ ಮಾತು ಹಿಂದಿನ ಗೋಡೆಯವರೆಗೂ ಸ್ಪಷ್ಟವಾಗಿ ಹೋಯಿತು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ಮಾಲಕರ ಕಣ್ಣು ನನ್ನ ಶಲ್ಯದಿಂದ ಅವರ ಬಾಯಿಗೆ, ಬಾಯಿಯಿಂದ ಶಲ್ಯಕ್ಕೆ ಓಡಾಡುತ್ತಿತ್ತು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಜನ ಅದನ್ನು ಅಣ್ಣ ತಂಗಿಯರದೆಂದು ತಿಳಿದರು.

"ಆ ಕೈ..." ಎಂದು ಸರ್ ಪರದೆಯ ಹಿಂದೆ ನನ್ನ ಮೇಲೆ ಬಂದರು. ಹಸೀನಾಬಾಯಿ ಎಲ್ಲ ಹೇಳಿಬಿಟ್ಟರು. ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿದ್ದು ನೆನಪಾಯಿತೋ ಏನೋ, ಸರ್ ಬಾಗಿ ಅವರ ಕಾಲು ಮುಟ್ಟಿದರು. ಮಾಲಕರು ಮಾತ್ರ ಯಾರಿಗೂ ಏನೂ ಹೇಳದೆ ಎದ್ದು ಹೋಗಿದ್ದರು. ಹಸೀನಾಬಾಯಿ ಪರದೆ ಸರಿಸಿ ಅವರ ಖಾಲಿ ಕುರ್ಚಿ ನೋಡಿ, ಬಸ್ ಸ್ಟ್ಯಾಂಡಿನ ಹಾದಿ ಹಿಡಿದರು.

ಕೆಲವು ತಿಂಗಳ ಮೇಲೆ ಕಂಪನಿಯ ಕ್ಯಾಂಪ್ ಮೂಡಲಗಿಗೆ ಬಂತು. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಹಸೀನಾಬಾಯಿಯ ಮುಖ ಕಂಡು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೋದೆ. ಅವರು ಒಮ್ಮೆಯೂ ಮೂಲೆಗೆ ಇಣುಕಲಿಲ್ಲ. ನಾನು ಬೆರಗಾದದ್ದು ಖಳನಾಯಕನನ್ನು ನೋಡಿ. ಹಸೀನಾಬಾಯಿಯ ಮಾತಿಗೆ ಚಪ್ಪಾಳೆ ಬಿದ್ದಾಗಲೆಲ್ಲ ಆತ ಹೆಗಲ ಟಾವೆಲ್ ತೆಗೆದು ಬಿಡಿಸುತ್ತಿದ್ದ. ಚಪ್ಪಾಳೆ ನಿಂತೊಡನೆ ಮಡಚಿ ಹೆಗಲಿಗೆ ಎಸೆದುಕೊಳ್ಳುತ್ತಿದ್ದ. ಅದೂ ಅವನ ಪಾತ್ರದ ಗತ್ತು ಎಂದುಕೊಂಡ ಹುಡುಗರು ಸೀಟಿ ಹೊಡೆದರು. ಹೊರಗೆ ಚಹಾದಂಗಡಿಯಲ್ಲಿ ಆಗಲೇ ಒಬ್ಬಿಬ್ಬರು ಟಾವೆಲ್ ಎಸೆಯುವುದನ್ನು ಕಲಿಯುತ್ತಿದ್ದರು.

ಆಟ ಬಿಟ್ಟ ಮೇಲೆ ಆತನನ್ನು ಹಿಡಿದು, "ಇದನ್ನ ಯಾರ ಹೇಳಿಕೊಟ್ರು?" ಎಂದು ಕೇಳಿದೆ.

"ನಮ್ಮ ಮಾಲಕರ್ರಿ. ಯಾಕ ಅಂತ ಕೇಳಬ್ಯಾಡ, ಬಾಯಾರ ಮುಂದ ನಿಂತಾಗ ಇಷ್ಟ ಮರೀಬ್ಯಾಡ ಅಂದ್ರು."

ನನ್ನ ಕೈಗಳು ಈಗಲೂ ನನ್ನ ಮಾತು ಕೇಳುವುದಿಲ್ಲ. ನಾನೂ ಈಗ ಅವಕ್ಕೆ ಏನೂ ಅನ್ನುವುದಿಲ್ಲ. ಅಂಗಡಿಯಲ್ಲಿ ಸೀರೆ ಮಡಚುವಾಗ ಮಾತ್ರ ಮೊದಲಿನಂತೆ ಅವಸರ ಮಾಡುವುದಿಲ್ಲ. ಎದುರಿಗೆ ಕೂತವರಲ್ಲಿ ಯಾರು ಅದನ್ನೇ ನೋಡುತ್ತ ತಮ್ಮ ಮಾತಿನ ಸರದಿಗೆ ಕಾದಿದ್ದಾರೋ, ಗಾದಿಯ ಮೇಲೆ ಕೂತವನಿಗೆ ಗೊತ್ತಾಗುವುದಿಲ್ಲ.