ಗಂಟು ಬಿಚ್ಚಿಸುವ ಅಕ್ಕ

ಬೆಳಕು ಹರಿಯುವ ಹೊತ್ತಿಗೆ ಗಂಟಕ್ಕ ಹೊಳೆಯ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಬಿದಿರಿನ ಕೋಲು, ಇನ್ನೊಂದು ಕೈ ಮೆಟ್ಟಿಲ ಕಡೆ ಚಾಚಿದೆ. ಪ್ಲಾಸ್ಟಿಕ್ ಕವರಿನಲ್ಲಿ ಹೂವು ಹಿಡಿದು ಇಳಿದ ದಂಪತಿಗೆ ಅವರ ಮೊದಲ ಮಾತು: "ಹೂವು ತಾಯಿಗೆ ಹಾಕಿ, ಕವರ್ ನನಗೆ ಕೊಡಿ. ತಾಯಿಗೇನು ಸಂತೆಗೆ ಹೋಗೋದಿದೆಯಾ?" ಗಂಡ ನಗುತ್ತಾನೆ, ಹೆಂಡತಿ ಕವರಿನ ಗಂಟು ಬಿಚ್ಚುತ್ತಾಳೆ.

ಗಂಟಕ್ಕ ಎಂಬುದು ದಡದ ಜನ ಇಟ್ಟ ಹೆಸರು. ಈ ಹೊಳೆಯಲ್ಲಿ ಮುಳುಗಿದರೆ ಪಾಪ ತೊಳೆದುಹೋಗುತ್ತದೆಂದು ಬರುವವರು ಪಾಪದ ಜೊತೆ ಹಳೆ ಬಟ್ಟೆ, ಬಾಟಲಿ, ಗಾಜೊಡೆದ ದೇವರ ಪಟಗಳನ್ನೂ ಬಿಟ್ಟು ಹೋಗುತ್ತಾರೆ. ಎಲ್ಲವೂ ತೇಲಿ ಸೇರುವುದು ಕೆಳಗಿನ ಪಂಪ್‌ಹೌಸಿನ ಜಾಲರಿಗೆ. ಜಾಲರಿ ಕಟ್ಟಿಕೊಂಡರೆ ನೀರಿನಲ್ಲಿ ಮುಳುಗಿ ಬಿಡಿಸಬೇಕಾದವರು ಗಂಟಕ್ಕನ ಗಂಡ. ಹೋದ ಮಳೆಗಾಲದಲ್ಲಿ ಯಾರೋ ಬಿಟ್ಟ ಬಟ್ಟೆ ಅವರ ಕಾಲಿಗೆ ಸುತ್ತಿಕೊಂಡಿತ್ತು. ಜೊತೆಗಿದ್ದವರು ಎಳೆದು ಹಾಕಿದ್ದಕ್ಕೆ ಬದುಕಿದರು.

"ಆಗ ನಾನು ಬೀದಿ ಗುಡಿಸ್ತಿದ್ದೆ. ಮಾರನೇ ದಿನವೇ ಪುರಸಭೆ ಸಾಹೇಬರನ್ನ ಕಾಡಿ ಬೇಡಿ ಇಲ್ಲಿ ಹೊಳೆ ಕಸ ಎತ್ತೋ ಕೆಲಸಕ್ಕೆ ಬಂದೆ. ಇಲ್ಲಿ ನನ್ನ ಕೈತಪ್ಪಿದ್ದು ಅಲ್ಲಿ ಅವರ ಕಾಲಿಗೆ ಸುತ್ತುತ್ತೆ."

ಮೊದಮೊದಲು ಕಂಡದ್ದನ್ನೆಲ್ಲ ಕೊಕ್ಕೆಯಲ್ಲಿ ಎತ್ತಿ ದಡಕ್ಕೆ ಎಸೆಯುತ್ತಿದ್ದರು. ಒಂದು ಬೆಳಿಗ್ಗೆ ಹಾಗೆ ಎಸೆದದ್ದು, ಮಗನೊಬ್ಬ ಆಗಷ್ಟೇ ಕವರಿನ ಸಮೇತ ನೀರಿಗೆ ಬಿಟ್ಟಿದ್ದ ತಾಯಿಯ ಬೂದಿ. ಅವನು ಹೊಡೆಯಲು ಕೈಯೆತ್ತಿದ.

"ತಪ್ಪು ನನ್ನದೇ, ಕೈ ಮುಗಿದೆ. ಆಮೇಲೆ ಕೇಳ್ದೆ, ಅಣ್ಣಾ, ಹಿಂಗೆ ಬಿಗಿದು ಕಟ್ಟಿದ್ರೆ ಅಮ್ಮ ನೀರಿಗೆ ಸೇರೋದು ಹೆಂಗೆ? ಅಲ್ಲೇ ಕೂತು ಅತ್ತುಬಿಟ್ಟ ಪಾಪ. ಇಬ್ರೂ ಸೇರಿ ಗಂಟು ಬಿಚ್ಚಿದ್ವಿ."

ಅಂದಿನಿಂದ ಅವರು ಕೊಕ್ಕೆಗಿಂತ ಬಾಯಿಯನ್ನೇ ಹೆಚ್ಚು ನಂಬಿದ್ದಾರೆ. ಗಂಟು ಬಿಚ್ಚಿಸದೆ ಯಾರನ್ನೂ ನೀರಿಗೆ ಬಿಡುವುದಿಲ್ಲ. ಬೈಯುವವರು ಬೈಯುತ್ತಾರೆ, ಗಂಟಕ್ಕ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಹೊತ್ತು ಏರುವಷ್ಟರಲ್ಲಿ ದಡದ ಮೇಲಿನ ಚೀಲಗಳು ತುಂಬಿ ಬಾಯಿ ಕಟ್ಟಿಸಿಕೊಂಡಿರುತ್ತವೆ.

ಬಿಸಿಲೇರಿದಾಗ ಗಂಡ ಊಟದ ಡಬ್ಬಿ ಹಿಡಿದು ಬರುತ್ತಾರೆ. ಗಂಟಕ್ಕ ಡಬ್ಬಿ ನೋಡುವುದಿಲ್ಲ. ಕೈ ಒರೆಸಿಕೊಂಡು ಮೊದಲು ಅವರ ತಲೆಗೂದಲು ಮುಟ್ಟಿ ನೋಡುತ್ತಾರೆ. ಇವತ್ತು ಒಣಗಿದೆ.

"ನಿನ್ನಿಂದ ನನಗೆ ಕೆಲಸಾನೇ ಇಲ್ದಂಗಾಯ್ತು ಕಣೇ," ಎಂದು ಅವರು ಗೊಣಗುತ್ತಾರೆ.

"ಇಲ್ದೇ ಇರ್ಲಿ ಬಿಡಿ," ಗಂಟಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. "ತಲೆ ಒಣಗಿರೋ ಗಂಡ ನನಗೆ ಸಾಕು."